ಮಲೆನಾಡಿನ ಜ್ವರಕ್ಕೆ ಯಾವ ಮದ್ದು?

ಒಂದು ಕಾಲದಲ್ಲಿ ಮಲೆನಾಡಿನ ಜ್ವರವೆಂದರೆ ಮಲೇರಿಯವೆಂದೇ ಅರ್ಥ. 1953ರಲ್ಲಿ ದೇಶವ್ಯಾಪಿಯಾಗಿ ಮೊದಲಾದ ಡಿ.ಡಿ.ಟಿ. ಸಿಂಪಡಿಕೆಯ ತರುವಾಯ ಆ ಭೀತಿ ಕ್ರಮೇಣ ಹಿಂದೆ ಸರಿಯಿತು. ಇಂದು ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಜ್ವರಪೀಡಿತನ ರಕ್ತದಲ್ಲಿ ಮಲೇರಿಯ ಕಾಣುವುದು ಅಪೂರ್ವ. ಹಾಗಾದರೆ ಈ ಜ್ವರ ಯಾವುದು? ಉತ್ತರ ಹುಡುಕುವ ಮೊದಲೇ, 'ಯಾವುದಕ್ಕೂ ಇರಲಿ' ಎಂದು ಆಂಟಿಬಯಾಟಿಕ್ ಚೀಟಿ ಹಲವೆಡೆ ಸಿದ್ಧವಾಗಿಬಿಡುತ್ತದೆ.

ಆ ಔಷಧಿ ಕೊಲ್ಲುವುದು ಬ್ಯಾಕ್ಟೀರಿಯಗಳನ್ನು. ವೈರಸ್ಸಿನ ಮುಂದೆ ಅದು ನಿರುಪಾಯ. ಈ ಸೀಮೆಯ ಮಂಗನ ಕಾಯಿಲೆಯಾದರೋ ವೈರಸ್ಸಿನದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇನೋ ಎಂಬ ಗಾಬರಿ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಶೋಧಿಸಿ, ಇದು ಉಣುಗಿನಿಂದ ಹರಡುವ ಹೊಸ ವೈರಸ್ಸೆಂದು ಕಂಡುಕೊಂಡರು. ಬಹುಮಂದಿಗೆ ಈ ಜ್ವರ ಒಂದೆರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ನಡುವೆ ನುಂಗಿದ ಗುಳಿಗೆಗೆ ಸುಮ್ಮನೆ ಕೀರ್ತಿ! ಆದರೆ ಕೆಲವರಲ್ಲಿ ಅದು ಬಿಟ್ಟು, ವಾರವೋ ಎರಡು ವಾರವೋ ಕಳೆದು, ಮರಳಿ ಬಂದು ಮಿದುಳನ್ನು ಮುಟ್ಟುತ್ತದೆ. ಗುಳಿಗೆಯಿಂದ ಗುಣವಾಯಿತೆಂದು ನಿಶ್ಚಿಂತನಾದವನಿಗೆ ಅಪಾಯ ಕಾದಿರುವುದು ಅಲ್ಲಿಯೇ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಈ ರೋಗ ಹಲವರನ್ನು ಬಲಿ ತೆಗೆದುಕೊಂಡಿತು. ಇದಕ್ಕೆ ನೇರವಾದ ಮದ್ದಿಲ್ಲ. ಧಾರಾಳವಾಗಿ ನೀರು, ಪ್ಯಾರಾಸಿಟಮಾಲ್, ರಕ್ತಸ್ರಾವದ ಮೇಲೆ ಸದಾ ಕಣ್ಣು, ಆಸ್ಪತ್ರೆಯ ಆರೈಕೆ, ಇಷ್ಟೇ ಚಿಕಿತ್ಸೆ. ಆಸ್ಪಿರಿನ್ ಮಾತ್ರ ಸಲ್ಲದು.

ಹಾಗೆಂದು ಆಂಟಿಬಯಾಟಿಕ್ಕನ್ನೇ ದೂರುವುದು ಇನ್ನೊಂದು ಅವಿವೇಕ. ಮಳೆಗಾಲದ ಗದ್ದೆನೀರಿನಲ್ಲಿ ಇಲಿಯ ಮೂತ್ರದಿಂದ ಅಂಟುವ ಇಲಿಜ್ವರಕ್ಕೂ, ಪೊದೆಗಳ ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ಸಿಗೂ ಸಕಾಲದ ಔಷಧಿಯೇ ಪ್ರಾಣರಕ್ಷಕ. ಅದೂ ಕೈಗೆ ಸಿಕ್ಕಿದ್ದಲ್ಲ. ಸ್ಕ್ರಬ್ ಟೈಫಸ್ಸಿಗೆ ಪೆನಿಸಿಲಿನ್ ವ್ಯರ್ಥ. ದುಬಾರಿ ಸೆಫಲೋಸ್ಪೊರಿನ್ ಚುಚ್ಚುಮದ್ದೂ ವ್ಯರ್ಥ. ಅಗ್ಗದ ಡಾಕ್ಸಿಸೈಕ್ಲಿನ್ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನಗಳಲ್ಲಿ ಜ್ವರ ತಗ್ಗುತ್ತದೆ. ನುಸಿ ಕಚ್ಚಿದಲ್ಲಿ, ಕಂಕುಳಲ್ಲೋ ತೊಡೆಸಂದಿನಲ್ಲೋ, ಬೀಡಿಯಿಂದ ಸುಟ್ಟಂತಹ ಕಪ್ಪು ಹಕ್ಕಳೆ ಅನೇಕರಲ್ಲಿ ಇರುತ್ತದೆ. ಅಂಗಿ ಬಿಚ್ಚಿಸಿ ನೋಡದ ವೈದ್ಯನಿಗೆ ಅದು ಕಾಣುವುದೆಂತು?

ಕಾಡಿಗೆ ದರಗು ತರಲು ಹೋಗಿದ್ದುಂಟೆ, ಊರ ಬಳಿ ಮಂಗ ಸತ್ತಿತ್ತೆ, ಕೆಸರುಗದ್ದೆಯಲ್ಲಿ ದುಡಿದದ್ದುಂಟೆ ಎಂಬ ಪ್ರಶ್ನೆಗಳಿಗೆ ಕಾಸು ಬೇಕಿಲ್ಲ. ವೈದ್ಯ ಕೇಳದಿದ್ದರೆ ರೋಗಿಯೇ ಹೇಳಬೇಕು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಕಾಲ. ಆಗ ಕಾಡಿನ ಒಡನಾಟವಿರುವವರಿಗೆ ಜ್ವರ ಬಂದರೆ, ಔಷಧದಂಗಡಿಯ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತಪರೀಕ್ಷೆ ಮಾಡಿಸುವುದು ಮೇಲು.