ಮೂವತ್ತನೇ ದಿನ ಮಗು ಯಾವ ಊರಲ್ಲಿರುತ್ತದೆ?

‘ಕೂಸು ಪಿಳಿಪಿಳಿ ಕಣ್ಣು ಬಿಟ್ಟು ನೋಡತೈತ್ರಿ ಡಾಕ್ಟ್ರ. ಮತ್ಯಾಕ ಕಣ್ಣಿನ ತಪಾಸಣಿ?’

ಪುಣೆಯಲ್ಲಿ ನವಜಾತ ಶಿಶುಗಳ ಐಸಿಯುನಲ್ಲಿರುವ ನನಗೆ ಬಾಗಲಕೋಟೆ ಕಡೆಯ ಅಜ್ಜಿಯೊಬ್ಬರು ಫೋನಿನಲ್ಲಿ ಕೇಳಿದ ಪ್ರಶ್ನೆಯಿದು. ಮೊಮ್ಮಗ 31 ವಾರಕ್ಕೇ ಹುಟ್ಟಿದ್ದ. 26ನೇ ದಿನ ಮನೆಗೆ ಕಳಿಸಿದೆವು. ಎರಡೇ ದಿನಕ್ಕೆ ಬಾಣಂತಿ, ಮಗು ತವರಿನ ಬಸ್ ಹತ್ತಿದ್ದರು. 30ನೇ ದಿನದ ತಪಾಸಣೆಯನ್ನು ನಾವು ಡಿಸ್ಚಾರ್ಜ್ ಕಾರ್ಡಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದೆವು. ತಪ್ಪು ನಮ್ಮದೂ ಹೌದು.

ಗರ್ಭದಲ್ಲಿ ಮಗುವಿಗೆ ಸಿಗುವ ಆಮ್ಲಜನಕ ಕಡಿಮೆ. ಹುಟ್ಟಿದೊಡನೆ ಅದು ಏರುತ್ತದೆ. ಜೊತೆಗೆ ಜೀವಕೋಶಗಳನ್ನು ಸುಡುವ ಫ್ರೀ ರ್‍ಯಾಡಿಕಲ್ ಎಂಬ ಕಿಡಿಗಳೂ ಹೆಚ್ಚುತ್ತವೆ. ಕಿಡಿ ಆರಿಸುವ ಕಿಣ್ವಗಳು ಬಲಿಯುವುದು ಗರ್ಭದ ಕೊನೆಯ ವಾರಗಳಲ್ಲಿ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಆ ರಕ್ಷಣೆ ಸಾಲದು. ಇದೇ ಆಕ್ಸಿಡೇಟಿವ್ ಒತ್ತಡ. ಇದರ ಪೆಟ್ಟು ಬೀಳುವ ಜಾಗಗಳಲ್ಲಿ ಅಕ್ಷಿಪಟಲವೂ ಒಂದು. ಅಲ್ಲಿ ರಕ್ತನಾಳಗಳ ಬೆಳವಣಿಗೆ ನಿಂತು, ಆಮೇಲೆ ಅಡ್ಡಾದಿಡ್ಡಿ ಬೆಳೆದು, ಪಟಲವನ್ನೇ ಎಳೆದು ಕೀಳಬಹುದು. ಹೊರಗಿನಿಂದ ಏನೂ ಕಾಣದು.

1940ರ ದಶಕದಲ್ಲಿ ಅಮೆರಿಕದಲ್ಲಿ ಧಾರಾಳವಾಗಿ ಆಮ್ಲಜನಕ ಕೊಟ್ಟು ಸಾವಿರಾರು ಶಿಶುಗಳ ದೃಷ್ಟಿ ಹೋಯಿತು. ಕಾರಣ ಸಾಬೀತಾಗಿದ್ದು 1950ರ ದಶಕದಲ್ಲಿ. ಇಂದು ಗಾಳಿ ಬೆರೆಸಿ, ರಕ್ತದ ಆಮ್ಲಜನಕ ಮಟ್ಟವನ್ನು ಶೇ 90–95ರೊಳಗೆ ಹಿಡಿಯಲು ನೋಡುತ್ತೇವೆ. ಆದರೂ ಅಪಾಯ ಪೂರ್ತಿ ತಪ್ಪದು.

ಆದ್ದರಿಂದಲೇ 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ 30 ದಿನದೊಳಗೆ ಮೊದಲ ಕಣ್ಣಿನ ಪರೀಕ್ಷೆ ಆಗಲೇಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಎರಡು–ಮೂರು ವಾರಕ್ಕೇ. ನಾಳಗಳು ಪೂರ್ತಿ ಬೆಳೆಯುವ ತನಕ ಮತ್ತೆ ಮತ್ತೆ. ಸಕಾಲದಲ್ಲಿ ಕಂಡರೆ ಲೇಸರ್ ಅಥವಾ ಇಂಜೆಕ್ಷನ್ನಿನಿಂದ ಬಹುಪಾಲು ಮಕ್ಕಳ ದೃಷ್ಟಿ ಉಳಿಯುತ್ತದೆ.

ದುಡಿಯುವ ಊರು ಒಂದು, ಬಾಣಂತನದ ಊರು ಇನ್ನೊಂದು. ನಮ್ಮಂಥವರ ಮನೆಯ ಮಗುವಿಗೆ ಈ ದಿನ ತಪ್ಪುವುದು ಅಲ್ಲೇ. ಬಾಣಂತನ ಬೇಡವೆನ್ನುತ್ತಿಲ್ಲ, ಬಸ್ ಹತ್ತುವ ಮುಂಚೆ ತಪಾಸಣೆ ಮುಗಿಸಿ, ಇಲ್ಲವೇ ಊರ ಹತ್ತಿರ ಎಲ್ಲಿ ಆಗುತ್ತದೆಂದು ಕೇಳಿ. 2008ರಲ್ಲಿ ಬೆಂಗಳೂರಿನಿಂದ ಶುರುವಾದ ‘ಕಿಡ್‌ರಾಪ್’ ಕ್ಯಾಮೆರಾವನ್ನೇ ಜಿಲ್ಲೆಗಳ ಶಿಶು ಘಟಕಗಳಿಗೆ ಒಯ್ದಿದೆ. ಆಸ್ಪತ್ರೆಗಳೂ ಡಿಸ್ಚಾರ್ಜ್ ದಿನ ಒಂದು ಪ್ರಶ್ನೆ ಕೇಳಲೇಬೇಕು: ಮೂವತ್ತನೇ ದಿನ ಮಗು ಯಾವ ಊರಲ್ಲಿರುತ್ತದೆ?

ಆ ಅಜ್ಜಿ ಮರುದಿನವೇ ಮೊಮ್ಮಗನನ್ನು ಹುಬ್ಬಳ್ಳಿಗೆ ಕರೆದೊಯ್ದರು. ಎರಡನೇ ತಪಾಸಣೆಯಲ್ಲಿ ತೊಂದರೆ ಕಂಡಿತು, ಲೇಸರ್ ಆಯಿತು. ಮಗು ಈಗ ಅಜ್ಜಿಯ ಮೂಗುಬೊಟ್ಟು ಹಿಡಿಯಲು ಕೈ ಚಾಚುತ್ತಾನಂತೆ.