ಘಾಟಿ ಮುಚ್ಚಿದ ವಾರದ ಒಂದು ನಿಕಾಹ್

2024ರ ಜುಲೈ 26, ಶುಕ್ರವಾರ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯಲ್ಲಿ, ಎಡಕುಮೇರಿ ಮತ್ತು ಕಡಗರವಳ್ಳಿಯ ಮಧ್ಯೆ ರೈಲು ಹಳಿಯ ಕೆಳಗಿನ ಮಣ್ಣು ಜರಿದು ಹೋಯಿತು. ಮಂಗಳೂರು-ಬೆಂಗಳೂರು ರೈಲುಗಳೆಲ್ಲ ನಿಂತವು. ನಮ್ಮ ಕೈಯಲ್ಲಿ ಶನಿವಾರ ರಾತ್ರಿಯ ರೈಲಿನ ಐದು ಟಿಕೆಟ್‌ಗಳಿದ್ದವು. ಭಾನುವಾರ ಅಸರ್ ನಮಾಝಿನ ಬಳಿಕ ಬೆಂಗಳೂರಿನ ಮಸೀದಿಯೊಂದರಲ್ಲಿ ನಮ್ಮ ಮಿತ್ರರೊಬ್ಬರ ನಿಕಾಹ್ ನಡೆಯಲಿಕ್ಕಿತ್ತು.

ಮಿತ್ರರ ವಯಸ್ಸು ನಲವತ್ತನ್ನು ದಾಟಿದೆ. ಪತ್ನಿಯನ್ನು ಕಳೆದುಕೊಂಡು ನಾಲ್ಕು ವರ್ಷಗಳಾಗಿದ್ದವು. ಮದುವೆಯಾಗಲಿದ್ದ ಮಹಿಳೆಯೂ ವಿಧವೆ, ಎಂಟು ವರ್ಷದ ಒಬ್ಬ ಮಗನ ತಾಯಿ. ನಮ್ಮವರು ಬ್ಯಾರಿ ಮನೆತನದವರು, ಅವರು ಬೆಂಗಳೂರಿನ ಉರ್ದು ಮಾತನಾಡುವ ಕುಟುಂಬದವರು. ಮಿತ್ರರ ಬಂಧುಗಳಿಗೆ ಅಸಮಾಧಾನ ತಂದುಕೊಳ್ಳಲು ಇಷ್ಟೇ ಸಾಕಾಗಿತ್ತು. ಹೆಣ್ಣು ಬೇಕಿದ್ದರೆ ಊರಿನಲ್ಲೇ ಹುಡುಕಬಹುದಿತ್ತಲ್ಲ, ಇನ್ನೊಬ್ಬನ ಮಗನನ್ನು ಸಾಕುವ ಹೊರೆ ಯಾಕೆ ಎಂಬ ಮಾತುಗಳು ಎರಡು ತಿಂಗಳಿನಿಂದ ಓಡಾಡುತ್ತಿದ್ದವು. ಮುಹರ್ರಮ್ ತಿಂಗಳಲ್ಲಿ ಮದುವೆಯೇ ಎಂದು ಹುಬ್ಬೇರಿಸಿದವರೂ ಇದ್ದರು. ಶರೀಅತ್‌ನಲ್ಲಿ ಅಂತಹ ಯಾವ ನಿಷೇಧವೂ ಇಲ್ಲವೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ.

ಒಂದು ಸತ್ಯವನ್ನು ನಾವು ಮೊದಲೇ ಒಪ್ಪಿಕೊಳ್ಳಬೇಕು. ಶನಿವಾರ ಬೆಳಿಗ್ಗೆ ರೈಲು ರದ್ದಾದ ಸಂದೇಶ ಬಂದಾಗ ನಮ್ಮ ಮನಸ್ಸಿನ ಮೂಲೆಯಲ್ಲೊಂದು ಸಮಾಧಾನದ ಉಸಿರು ಹೊರಟಿತು. ಸುರಿಯುವ ಮಳೆ, ಹಾಳಾದ ರಸ್ತೆ, ಸೋಮವಾರದ ಕೆಲಸ. ಹೋಗಲಾಗಲಿಲ್ಲ ಎಂದರೆ ಯಾರೂ ದೂರುವಂತಿರಲಿಲ್ಲ. ಮಿತ್ರರಿಗೆ ಕರೆ ಮಾಡಿ ಕ್ಷಮೆ ಕೇಳಬೇಕೆಂದು ಫೋನ್ ಕೈಗೆತ್ತಿಕೊಂಡಾಗ ನಮ್ಮ ಮನೆಯಾಕೆ ಕೇಳಿದ್ದು ಒಂದೇ ಪ್ರಶ್ನೆ. "ಈ ಮದುವೆಗೆ ಹೋಗದಿದ್ದರೆ ನೀವು ಇನ್ಯಾವ ಮದುವೆಗೆ ಹೋಗುತ್ತೀರಿ?" ಉತ್ತರವಿರಲಿಲ್ಲ. ಫೋನ್ ಕೆಳಗಿಟ್ಟು ಬಸ್ಸು ಹುಡುಕಲು ಹೊರಟೆವು.

ರೈಲು ನಿಂತರೆ ಬಸ್ಸಿನ ಟಿಕೆಟ್ ದರ ಏರುತ್ತದೆ. ನಾವು ವಿಚಾರಿಸಿದ ಖಾಸಗಿ ಬಸ್ಸಿನವರು ಎಂದಿನ ದರದ ಎರಡೂವರೆ ಪಟ್ಟು ಕೇಳಿದರು. ಗುಡ್ಡ ಜರಿದದ್ದೇ ಒಬ್ಬರಿಗೆ ಸುಗ್ಗಿ. ದಸರಾ, ದೀಪಾವಳಿ, ಈದ್ ಬಂದಾಗ ದರ ಏರಿಸಿದರೆ ಕ್ರಮ ಕೈಗೊಳ್ಳುತ್ತೇವೆ ಎಂದು ಎಚ್ಚರಿಸುವ ಸರಕಾರಗಳಿಗೆ, ಮಾರ್ಗವೇ ಮುಚ್ಚಿದಾಗ ದರಕ್ಕೊಂದು ಮಿತಿ ಹಾಕಬೇಕೆಂದು ಯಾಕೆ ತೋಚುವುದಿಲ್ಲವೋ ತಿಳಿಯದು. ಕೊನೆಗೆ ಸರಕಾರಿ ಬಸ್ಸಿನ ಹಿಂದಿನ ಸಾಲಿನಲ್ಲಿ ಐದು ಸೀಟುಗಳು ಸಿಕ್ಕವು.

ಕರಾವಳಿಗೂ ರಾಜಧಾನಿಗೂ ನಡುವೆ ಸುಮಾರು 350 ಕಿಲೋಮೀಟರ್ ಅಂತರ. ಆದರೆ ಮಳೆಗಾಲದಲ್ಲಿ ಆ ಅಂತರವನ್ನು ಅಳೆಯುವುದು ಕಿಲೋಮೀಟರ್‌ಗಳಲ್ಲಿ ಅಲ್ಲ. ಈ ಘಾಟಿಯ ರೈಲು ಮಾರ್ಗ ಸುಮಾರು 55 ಕಿಲೋಮೀಟರ್ ಉದ್ದ, 57 ಸುರಂಗಗಳು, ಐವತ್ತು ಅಡಿ ಸಾಗಿದರೆ ಒಂದು ಅಡಿ ಮೇಲೇರುವ ಕಡಿದಾದ ದಾರಿ. 1979ರಲ್ಲಿ ಮೀಟರ್ ಗೇಜ್ ಹಳಿಯಲ್ಲಿ ಆರಂಭವಾದ ಸಂಚಾರ, ಹಳಿ ಬದಲಾವಣೆಗೆಂದು 1996ರಲ್ಲಿ ನಿಂತು, ಪ್ರಯಾಣಿಕರಿಗೆ ಮತ್ತೆ ದೊರಕಿದ್ದು 2007ರ ಡಿಸೆಂಬರ್‌ನಲ್ಲಿ. ಪಕ್ಕದ ಶಿರಾಡಿ ಹೆದ್ದಾರಿಯ ಕಥೆ ಎಲ್ಲರಿಗೂ ಗೊತ್ತು. ಅಗಲಗೊಳಿಸಲೆಂದು ಗುಡ್ಡವನ್ನು ಗೋಡೆಯಂತೆ ನೇರವಾಗಿ ಕಡಿದಿದ್ದಾರೆ. ಆ ತಿಂಗಳು ದೊಡ್ಡತಪ್ಲು ಬಳಿ ಮತ್ತೆ ಮತ್ತೆ ಮಣ್ಣು ಜರಿದಿತ್ತು. ಸುರಂಗ ಮಾರ್ಗದ ಮಾತು ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ, ಪ್ರತಿ ಮಳೆಗಾಲದಲ್ಲೂ ಪ್ರಯಾಣಿಕರು ಬಸ್ಸಿನಲ್ಲೇ ರಾತ್ರಿ ಕಳೆಯುತ್ತಾರೆ.

ನಮ್ಮ ಬಸ್ಸು ಗುಂಡ್ಯದ ಬಳಿ ನಿಂತಿತು. ಮುಂದೆ ಮರವೊಂದು ಉರುಳಿದೆ ಎಂದರು. ನಾಲ್ಕು ಗಂಟೆಗಳ ಕಾಲ ಎಂಜಿನ್ ಆರಿಸಿ ಮಳೆಯ ಸದ್ದು ಕೇಳುತ್ತಾ ಕುಳಿತೆವು. ರಸ್ತೆ ಬದಿಯ ಒಂದು ಮನೆಯವರು, ಅಪರಿಚಿತರು, ಬೇರೆ ಧರ್ಮದವರು, ಬಸ್ಸಿನಲ್ಲಿದ್ದ ಹೆಂಗಸರನ್ನೂ ಮಕ್ಕಳನ್ನೂ ಒಳಗೆ ಕರೆದು ಬಚ್ಚಲು ತೋರಿಸಿದರು, ಕುಡಿಯಲು ಬಿಸಿ ನೀರು ಕೊಟ್ಟರು. ನಮ್ಮವರು ವುಝೂ ಮಾಡಿ ಅವರದೇ ಜಗಲಿಯಲ್ಲಿ ಝುಹರ್ ಮತ್ತು ಅಸರ್ ಅನ್ನು ಜೊತೆಗೂಡಿಸಿ ಸಂಕ್ಷಿಪ್ತವಾಗಿ ನಿರ್ವಹಿಸಿದರು. ಪ್ರಯಾಣಿಕನ ಕಷ್ಟವನ್ನು ಅರಿತು ನಮಾಝನ್ನೇ ಹಗುರಗೊಳಿಸಿದ ಧರ್ಮ ನಮ್ಮದು. ಆ ಮನೆಯ ಅಜ್ಜಿ ಎಲ್ಲಿಗೆ ಹೊರಟಿರಿ ಎಂದು ಕೇಳಿ, ಮದುವೆಗೆ ಎಂದಾಗ, "ಈ ಮಳೆಗೆ ಮದುವೆಗೆ ಹೊರಟಿದ್ದೀರಾದರೆ ಹತ್ತಿರದ ನೆಂಟರೇ ಇರಬೇಕು" ಎಂದರಂತೆ.

ಹತ್ತಿರದ ನೆಂಟರು ಆ ಹೊತ್ತಿಗೆ ಮನೆಯಲ್ಲಿದ್ದರು. ಬಸ್ಸಿನಲ್ಲಿ ಕುಳಿತಿದ್ದಾಗಲೇ ಮಿತ್ರರ ಕರೆ ಬಂತು. ದೊಡ್ಡಪ್ಪನ ಮಕ್ಕಳು ಬರುವುದಿಲ್ಲ, ಸೋದರಮಾವ ಬರುವುದಿಲ್ಲ, ಅಣ್ಣನೂ ಬರುವುದಿಲ್ಲ. ಎಲ್ಲರ ಬಾಯಲ್ಲೂ ಒಂದೇ ವಾಕ್ಯ. "ರಸ್ತೆ ಬಂದ್ ಅಂತೆ ಮಾರಾಯ್ರೆ." ರಸ್ತೆ ಬಂದ್ ಆಗಿರಲಿಲ್ಲ, ಕಷ್ಟಕರವಾಗಿತ್ತು. ಇದೇ ಬಂಧುಗಳು 2022ರ ಜುಲೈಯಲ್ಲಿ ಏನು ಮಾಡಿದ್ದರೆಂಬುದು ನಮಗೆ ನೆನಪಿದೆ. ಸಕಲೇಶಪುರದ ದೋಣಿಗಾಲ್ ಬಳಿ ಹೆದ್ದಾರಿ ಕುಸಿದು ಶಿರಾಡಿಯಲ್ಲಿ ಸಂಚಾರ ಅಸ್ತವ್ಯಸ್ತವಾಗಿದ್ದ ದಿನಗಳವು. ಕುಟುಂಬದ ಶ್ರೀಮಂತರೊಬ್ಬರ ಮಗಳ ಮದುವೆ ಬೆಂಗಳೂರಿನ ದೊಡ್ಡ ಹಾಲೊಂದರಲ್ಲಿತ್ತು. ಆಗ ಇವರೆಲ್ಲ ಐದಾರು ಕಾರುಗಳಲ್ಲಿ ಚಾರ್ಮಾಡಿ ಹತ್ತಿ, ಮಂಜಿನಲ್ಲಿ ದಾರಿ ಕಾಣದೆ ತೆವಳಿಕೊಂಡು ಹೋಗಿ ಬಿರಿಯಾನಿ ಉಂಡು ಬಂದಿದ್ದರು. ಆ ಪ್ರಯಾಣದ ಸಾಹಸವನ್ನು ವರ್ಷವಿಡೀ ಹೇಳಿಕೊಂಡು ತಿರುಗಿದರು. ಅದೇ ಮಳೆ, ಅದೇ ಘಾಟಿ. ಬದಲಾಗಿದ್ದು ವಧು ಮಾತ್ರ.

ಅಪಾಯವೇ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಅದೇ ತಿಂಗಳ 16ರಂದು ಅಂಕೋಲದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಚಹಾದಂಗಡಿಯ ಕುಟುಂಬವನ್ನೂ ಲಾರಿ ಚಾಲಕರನ್ನೂ ನುಂಗಿತ್ತು. ವಯಸ್ಸಾದವರು, ರೋಗಿಗಳು, ಹಸುಗೂಸಿನ ತಾಯಂದಿರು ಬರದಿದ್ದರೆ ಅದು ತಪ್ಪಲ್ಲ. ಯಾರನ್ನೂ ಬಲವಂತವಾಗಿ ಘಾಟಿ ಹತ್ತಿಸುವ ಹಕ್ಕು ಯಾವ ಆಮಂತ್ರಣಕ್ಕೂ ಇಲ್ಲ. ಆಮಂತ್ರಣ ಸ್ವೀಕರಿಸುವುದು ಮುಸ್ಲಿಮನ ಮೇಲೆ ಮುಸ್ಲಿಮನಿಗಿರುವ ಹಕ್ಕುಗಳಲ್ಲೊಂದು ಎಂದು ಕಲಿಸಿದ ಪ್ರವಾದಿ(ಸ)ಯವರೇ ಮದುವೆಯನ್ನು ಎಷ್ಟು ಸರಳವಾಗಿಟ್ಟಿದ್ದರೆಂದರೆ, ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮದೀನಾದಲ್ಲಿ ಮದುವೆಯಾದದ್ದು ಪ್ರವಾದಿಯವರಿಗೆ ತಿಳಿದದ್ದೇ ಅವರ ಮೇಲಿದ್ದ ಸುಗಂಧದ ಹಳದಿ ಗುರುತನ್ನು ಕಂಡು. ನನ್ನನ್ನೇಕೆ ಕರೆಯಲಿಲ್ಲವೆಂಬ ಮುನಿಸಿಲ್ಲ. ಬರಕತ್‌ಗಾಗಿ ಪ್ರಾರ್ಥಿಸಿ, ಒಂದು ಆಡನ್ನು ಕೊಯ್ದಾದರೂ ವಲೀಮಾ ನೀಡುವಂತೆ ಸೂಚಿಸಿದರು, ಅಷ್ಟೇ. ಮಿತ್ರರ ಬಂಧುಗಳು ಬರಲಾಗದಿದ್ದರೂ ಅಂತಹದ್ದೊಂದು ಪ್ರಾರ್ಥನೆಯನ್ನಾದರೂ ಫೋನಿನಲ್ಲಿ ಹೇಳಬಹುದಿತ್ತು. ಹೇಳಿದವರು ಇಬ್ಬರೇ ಎಂದು ಮಿತ್ರರು ಬಳಿಕ ತಿಳಿಸಿದರು.

ಬೆಂಗಳೂರು ತಲುಪುವಾಗ ರಾತ್ರಿ ಒಂದು ಗಂಟೆ ದಾಟಿತ್ತು. ಮಿತ್ರರು ಸ್ವತಃ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರು. ಮರುದಿನದ ವರ, ನಿದ್ದೆಗೆಟ್ಟ ಕಣ್ಣುಗಳು, ಕೈಯಲ್ಲಿ ಎರಡು ಕೊಡೆ. ಅವರು ನಮ್ಮನ್ನು ಅಪ್ಪಿಕೊಂಡ ರೀತಿಯಿಂದಲೇ ನಾವು ಎಂತಹ ತಪ್ಪು ಮಾಡಲಿದ್ದೆವೆಂಬುದು ಅರಿವಾಯಿತು.

ನಿಕಾಹ್‌ಗೆ ಸೇರಿದವರು ಇಪ್ಪತ್ತಮೂರು ಮಂದಿ. ಅಸರ್ ನಮಾಝಿಗೆ ಬಂದಿದ್ದ ಮೊಹಲ್ಲಾದ ಕೆಲವು ಹಿರಿಯರೂ ಎದ್ದು ಹೋಗದೆ ಕುಳಿತರು. ಖತೀಬರು ಹತ್ತು ನಿಮಿಷ ಮಾತನಾಡಿದರು. ಮಹ್ರ್ ಅನ್ನು ಎಲ್ಲರೆದುರು ಎಣಿಸಿ ಕೊಡಲಾಯಿತು. ಇಬ್ಬರು ಸಾಕ್ಷಿಗಳು ಬೇಕೆಂದಾಗ ವರನ ಕಡೆಯಿಂದ ಮುಂದೆ ಬರಲು ಬಂಧುಗಳಲ್ಲಿ ಯಾರೂ ಇರಲಿಲ್ಲ. ಒಂದು ಸಹಿ ನಮ್ಮದಾಯಿತು. ಫೋನ್ ಕೈಗೆತ್ತಿಕೊಂಡಿದ್ದ ಆ ಶನಿವಾರದ ಬೆಳಿಗ್ಗೆ ನೆನಪಾಗಿ ಕೈ ತುಸು ನಡುಗಿತೆಂದರೆ ಉತ್ಪ್ರೇಕ್ಷೆಯಲ್ಲ. ಎಂಟು ವರ್ಷದ ಆ ಹುಡುಗ ಬಿಳಿ ಟೋಪಿ ಧರಿಸಿ ಮೊದಲು ತನ್ನ ಅಜ್ಜನ ಮಡಿಲಿಗೆ ಅಂಟಿಕೊಂಡಿದ್ದ. ಖರ್ಜೂರ ಹಂಚುವ ಹೊತ್ತಿಗೆ ಎದ್ದು ಬಂದು ವರನ ಪಕ್ಕ ಕುಳಿತ. ಯಾರೂ ಅವನಿಗೆ ಹೇಳಿರಲಿಲ್ಲ.

ವಿಧವೆಯ ಮರುಮದುವೆಯ ವಿಷಯದಲ್ಲಿ ನಮ್ಮ ಸಮುದಾಯದ ವೇದಿಕೆಗಳಲ್ಲಿ ಕೇಳಿಬರುವ ಮಾತು ಎಲ್ಲರಿಗೂ ಪರಿಚಿತ. ಈ ದೇಶದಲ್ಲಿ ಹಿಂದೂ ವಿಧವೆಯರ ಮರುಮದುವೆಗೆ 1856ರಲ್ಲಿ ಕಾನೂನು ತರಬೇಕಾಯಿತು, ನಮಗೆ ಆ ಹಕ್ಕು ಹದಿನಾಲ್ಕು ಶತಮಾನಗಳ ಹಿಂದೆಯೇ ದೊರೆತಿದೆ ಎಂದು ಹೆಮ್ಮೆಯಿಂದ ಹೇಳುತ್ತೇವೆ. ನಿಜವೇ. ಕುರ್‌ಆನ್ ವಿಧವೆಗೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ವಿಧಿಸಿದೆ, ಅದು ಮುಗಿದ ಬಳಿಕ ತನ್ನ ಕುರಿತು ಆಕೆ ಕೈಗೊಳ್ಳುವ ನ್ಯಾಯೋಚಿತ ನಿರ್ಧಾರದಲ್ಲಿ ಇತರರ ಮೇಲೆ ದೋಷವಿಲ್ಲವೆಂದಿದೆ. ಆದರೆ ನಮ್ಮ ಪಟ್ಟಣಗಳ ಮನೆಗಳಲ್ಲಿ ಎಷ್ಟು ಮಂದಿ ತರುಣ ವಿಧವೆಯರ ಇದ್ದತ್ ಹತ್ತು, ಇಪ್ಪತ್ತು ವರ್ಷಗಳಾದರೂ ಮುಗಿದಿಲ್ಲ? ಅವರಿಗೆ ಝಕಾತ್‌ನ ಅಕ್ಕಿ ತಲುಪಿಸುತ್ತೇವೆ, ಹೊಲಿಗೆ ಯಂತ್ರ ಕೊಡುತ್ತೇವೆ, ಅವರ ಭಾವಚಿತ್ರ ತೆಗೆದು ವರದಿ ಮಾಡುತ್ತೇವೆ. ವರ ಹುಡುಕುವುದು ಮಾತ್ರ ಯಾರ ಕಾರ್ಯಕ್ರಮದಲ್ಲೂ ಇಲ್ಲ. ಹಾಗೆ ಯಾರಾದರೂ ತಾನಾಗಿ ಮುಂದೆ ಬಂದರೆ ಆತನ ಮದುವೆಗೆ ಹೋಗಲು ನಮಗೆ ರಸ್ತೆ ಸಿಗುವುದಿಲ್ಲ.

ಮಗುವಿರುವ ವಿಧವೆಯೆಂಬುದೇ ದೊಡ್ಡ ಅಡ್ಡಿಯೆಂದು ಹೇಳುವವರು ಹಝ್ರತ್ ಅಸ್ಮಾ ಬಿಂತಿ ಉಮೈಸ್(ರ) ಅವರ ಬದುಕನ್ನು ಓದಿರುವರೇ? ಪತಿ ಜಅಫರ್(ರ) ಮೂತಾ ಯುದ್ಧದಲ್ಲಿ ಹುತಾತ್ಮರಾದ ಬಳಿಕ ಅವರನ್ನು ವಿವಾಹವಾದವರು ಹಝ್ರತ್ ಅಬೂಬಕರ್(ರ). ಅಬೂಬಕರ್(ರ) ನಿಧನರಾದ ಬಳಿಕ ವಿವಾಹವಾದವರು ಹಝ್ರತ್ ಅಲಿ(ರ). ಅಬೂಬಕರ್‌ರ ಮಗ ಮುಹಮ್ಮದ್ ಬೆಳೆದದ್ದು ಅಲಿಯವರ ಮನೆಯಲ್ಲಿ. ಇನ್ನೊಬ್ಬನ ಮಗನನ್ನು ಸಾಕುವ ಹೊರೆ ಎಂಬ ಮಾತನ್ನು ಆ ಮನೆಯಲ್ಲಿ ಆಡಿದವರಿಲ್ಲ. ಇನ್ನು ತರುಣರಾದ ಹಝ್ರತ್ ಜಾಬಿರ್(ರ) ಮೊದಲೇ ವಿವಾಹವಾಗಿದ್ದ ಮಹಿಳೆಯನ್ನು ವರಿಸಿದ್ದನ್ನು ಒಂದು ಪ್ರಯಾಣದ ನಡುವೆ ಪ್ರವಾದಿ(ಸ)ಯವರಿಗೆ ತಿಳಿಸಿದರು. ಉಹುದ್‌ನಲ್ಲಿ ತಂದೆ ಹುತಾತ್ಮರಾಗಿ ಉಳಿದ ಚಿಕ್ಕ ತಂಗಿಯರನ್ನು ನೋಡಿಕೊಳ್ಳಬಲ್ಲ ಪ್ರೌಢ ಹೆಣ್ಣು ಬೇಕಾಗಿತ್ತೆಂದು ಅವರು ಕಾರಣ ಕೊಟ್ಟಾಗ ಪ್ರವಾದಿಯವರು ಅದನ್ನು ಮೆಚ್ಚಿದರು. ಈ ಘಟನೆಗಳನ್ನು ನಾವು ಮೀಲಾದ್ ಭಾಷಣಗಳಲ್ಲಿ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಪಕ್ಕದ ಮನೆಯಲ್ಲಿ ನಡೆದರೆ ಕಣ್ಣು ತಿರುಗಿಸುತ್ತೇವೆ.

ವಲೀಮಾ ವಧುವಿನ ಮನೆಯ ಮಾಳಿಗೆಯಲ್ಲಿ, ತಾಡಪಾಲಿನ ಕೆಳಗೆ ನಡೆಯಿತು. ಊಟಕ್ಕೆ ಕುಳಿತವರಲ್ಲಿ ಆ ಬೀದಿಯ ಗುಜರಿ ಅಂಗಡಿಯ ಹುಡುಗರೂ ಇದ್ದರು. ಶ್ರೀಮಂತರನ್ನು ಕರೆದು ಬಡವರನ್ನು ಬಿಡುವ ವಲೀಮಾದ ಊಟ ಅತ್ಯಂತ ಕೆಟ್ಟ ಊಟವೆಂದು ಹದೀಸ್‌ಗಳಲ್ಲಿದೆ. ನಮ್ಮ ಹಾಲ್‌ಗಳ ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸುವ ರೂಢಿಗೆ ಇದಕ್ಕಿಂತ ಹೆಚ್ಚಿನ ಟೀಕೆ ಬೇಕಿಲ್ಲ.

ಸೋಮವಾರ ಬೆಳಿಗ್ಗೆ ಹಿಂದಿರುಗುವ ಬಸ್ಸಿಗೆ ಇನ್ನೂ ಸಮಯವಿತ್ತು. ಜೊತೆಗಿದ್ದ ಹೆಂಗಸರು ಲಾಲ್‌ಬಾಗ್ ನೋಡಬೇಕೆಂದರು. 1760ರಲ್ಲಿ ಹೈದರಲಿ ಆರಂಭಿಸಿದ ತೋಟವದು. ಅಲ್ಲಿನ ಪುರಾತನ ಬಂಡೆಯ ಮೇಲೆ ಹತ್ತಿ ನಿಂತು ನಗರ ನೋಡಿದರು, ಗಾಜಿನ ಮನೆಯ ಮುಂದೆ ಕುಳಿತು ತಂದಿದ್ದ ರೊಟ್ಟಿ ತಿಂದರು. ಅವರಲ್ಲೊಬ್ಬರು, ಮದುವೆಯಾಗಿ ಹದಿನೆಂಟು ವರ್ಷಗಳಲ್ಲಿ ಬೆಂಗಳೂರಿಗೆ ಇದು ಐದನೆಯ ಬಾರಿ, ನಾಲ್ಕು ಬಾರಿ ಬಂದದ್ದು ಆಸ್ಪತ್ರೆಗೆ ಎಂದರು. ನಮ್ಮ ಮನೆಗಳ ಹೆಂಗಸರಿಗೆ ನಗರವೆಂದರೆ ಆಸ್ಪತ್ರೆ, ಇಲ್ಲವೇ ಯಾರದಾದರೂ ಮದುವೆ. ಇದರ ಬಗ್ಗೆ ಬೇರೆಯೇ ಬರೆಯಬೇಕಾದೀತು.

ಸೋಮವಾರ ತಡರಾತ್ರಿ ಮನೆ ಸೇರಿದೆವು. ಮಂಗಳವಾರ ಫಜರ್‌ಗೆ ಎದ್ದಾಗ ವಯನಾಡಿನ ಸುದ್ದಿ ಬರತೊಡಗಿತ್ತು. ಮುಂಡಕ್ಕೈ, ಚೂರಲ್‌ಮಲದ ಮನೆಗಳು ನಿದ್ದೆಯಲ್ಲಿದ್ದಾಗಲೇ ಕೊಚ್ಚಿ ಹೋಗಿದ್ದವು, ಸತ್ತವರ ಸಂಖ್ಯೆ ಇನ್ನೂರನ್ನೂ ದಾಟಿತು. ನಮ್ಮನ್ನು ಕ್ಷೇಮವಾಗಿ ಮರಳಿಸಿದ ಅಲ್ಲಾಹನನ್ನು ಸ್ತುತಿಸಿದೆವು. ಮದುವೆಗೆ ಬಾರದ ಒಬ್ಬರು ಅಂದು ಮಸೀದಿಯ ಬಾಗಿಲಲ್ಲಿ ಸಿಕ್ಕಿ, ನೋಡಿದಿರಾ, ನಾವು ಹೋಗದಿದ್ದದ್ದೇ ಒಳ್ಳೆಯದಾಯಿತು ಎಂದರು. ಅವರಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಸತ್ತವರ ಹೆಸರಿನಲ್ಲೂ ನೆಪ ಹುಡುಕಬಹುದೆಂಬುದು ನಮಗೆ ಹೊಸತಾಗಿತ್ತು.

ಆಗಸ್ಟ್ ಎರಡನೆಯ ವಾರಕ್ಕೆ ರೈಲು ಮತ್ತೆ ಓಡತೊಡಗಿತು. ಅದೇ ಬಂಧುಗಳಲ್ಲಿ ಹಲವರು ಆ ಬಳಿಕ ವ್ಯಾಪಾರಕ್ಕೆ, ಆಸ್ಪತ್ರೆಗೆ, ವೀಸಾ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಬಂದಿದ್ದಾರೆ. ಮಿತ್ರರ ಮನೆ ರೈಲು ನಿಲ್ದಾಣದಿಂದ ಆಟೋದಲ್ಲಿ ಇಪ್ಪತ್ತು ನಿಮಿಷದ ದಾರಿ. ನಾವು ಕಳೆದ ಬಾರಿ ಹೋದಾಗ ಬಾಗಿಲು ತೆರೆದದ್ದು ಆ ಹುಡುಗ. ಊರಿನವರು ಬಂದಿದ್ದಾರೆ ಎಂದು ಒಳಗೆ ಕೂಗಿ ಹೇಳಿದ. ಉರ್ದುವಿನಲ್ಲಲ್ಲ, ಬ್ಯಾರಿಯಲ್ಲಿ.