ಉಗುರಿಗೂ ಸೋಲುವ ಹರಳು

ಗಾಜಿನಂತೆ ಕಂಡರೂ ಸೆಲಿನೈಟ್ ಹರಳಿನ ಮೇಲೆ ಉಗುರಿನಿಂದಲೇ ಗೀರು ಎಳೆಯಬಹುದು. ಮೋಸ್ ಮಾಪಕದಲ್ಲಿ ಅದರ ಗಡಸುತನ 2, ಉಗುರಿನದು ಸುಮಾರು 2.5! ಇದು ಜಿಪ್ಸಮ್‌ನ ಪಾರದರ್ಶಕ ರೂಪ. ಶಾಲೆಯ ಖನಿಜ ಪೆಟ್ಟಿಗೆಯಲ್ಲಿದ್ದರೆ ನೀರಿನಲ್ಲಿ ತೊಳೆಯಬೇಡಿ, ಹೊಳಪು ಮಾಸೀತು; ಒಣ ಕುಂಚ ಸಾಕು.

ಜಿಪ್ಸಮನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಉಳಿಯುತ್ತದೆ. ನೀರು ಬೆರೆಸಿದರೆ ಮತ್ತೆ ಜಿಪ್ಸಮ್ ಆಗಿ ಗಟ್ಟಿಯಾಗುತ್ತದೆ. ಮುರಿದ ಮೂಳೆಗೆ ಕಟ್ಟುವ ಹಿಟ್ಟು ಇದೇ. ಆದರೆ ಗಟ್ಟಿಯಾಗುವಾಗ ಶಾಖ ಹೊಮ್ಮುತ್ತದೆ, ದಪ್ಪ ಮುದ್ದೆಯಲ್ಲಂತೂ ಚರ್ಮ ಸುಡುವಷ್ಟು. ಅಚ್ಚು ತೆಗೆಯಲೆಂದು ಮಕ್ಕಳು ಅದರಲ್ಲಿ ಕೈ ಅದ್ದಲೇಬಾರದು. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರ ಚಿತ್ರಕಲಾ ತರಗತಿಯಲ್ಲಿ ಹಾಗೆ ಮಾಡಿದ ಹುಡುಗಿ ತನ್ನ ಬಹುತೇಕ ಬೆರಳುಗಳನ್ನು ಕಳೆದುಕೊಂಡಳು.